ಕೊಡಗಿನಿಂದ ಕೊಚ್ಚಿಗೆ ಹೋಗಿ ಬೋಟ್‌ನಲ್ಲೇ ಊರು ಸುತ್ತುವುದು ಹೇಗೆ: ಸಮಗ್ರ ಮಾರ್ಗದರ್ಶಿ

ಕರಿಮೆಣಸು ಬೆಳೆಯುವ ಕೊಡಗಿನ ಮನೆಗಳಿಗೆ ಕೊಚ್ಚಿಯ ಹೆಸರು ಹೊಸದಲ್ಲ. ಕೊಯ್ಲಿನ ಕಾಲದಲ್ಲಿ 'ಇವತ್ತು ಕೊಚ್ಚಿ ರೇಟ್ ಎಷ್ಟು?' ಅನ್ನುವ ಮಾತು ಗೋಣಿಕೊಪ್ಪದ ಅಂಗಡಿಯಲ್ಲೂ ಕೇಳುತ್ತದೆ, ಕಣದಲ್ಲಿ ಮೆಣಸು ಹರಡುವಾಗಲೂ ಕೇಳುತ್ತದೆ. ಆದರೆ ಆ ಊರನ್ನು ಸರಿಯಾಗಿ ನೋಡಿದವರು ನಮ್ಮಲ್ಲಿ ಕಡಿಮೆ. ಹೋದವರಲ್ಲೂ ಎಷ್ಟೋ ಜನ ಕಾರು ಓಡಿಸಿಕೊಂಡು ಹೋಗಿ, ಎರ್ನಾಕುಳಂ ಟ್ರಾಫಿಕ್‌ನಲ್ಲಿ ಅರ್ಧ ದಿನ ಕಳೆದು, ಒಂದು ಮಾಲ್ ನೋಡಿಕೊಂಡು ಬರುತ್ತಾರೆ. ಅದು ನನಗೆ ತುಂಬಾ ಬೇಸರದ ವಿಷಯ. ಕೊಚ್ಚಿ ನೀರಿನ ಕಡೆಗೆ ಮುಖ ಮಾಡಿ ಬೆಳೆದ ಊರು. ಅದನ್ನು ನೀರಿನ ಮೇಲಿಂದಲೇ ನೋಡಬೇಕು. ಅದಕ್ಕೆ ಖರ್ಚೂ ಕಡಿಮೆ, ಸುಸ್ತೂ ಕಡಿಮೆ.

ಮಡಿಕೇರಿ, ವಿರಾಜಪೇಟೆ ಕಡೆಯಿಂದ ಹೊರಡುವ ಒಂದು ಕುಟುಂಬವನ್ನು ಮನಸ್ಸಿನಲ್ಲಿಟ್ಟುಕೊಂಡು ಇದನ್ನು ಬರೆದಿದ್ದೇನೆ. ಮನೆಯಲ್ಲಿ ಹಿರಿಯರಿದ್ದಾರೆ, ಮಕ್ಕಳಿದ್ದಾರೆ, ಕೈಯಲ್ಲಿ ಎರಡು ಮೂರು ದಿನ ಇದೆ ಅಂದುಕೊಳ್ಳಿ.

ಮೊದಲು ನೀರಿನ ನಕ್ಷೆ ತಲೆಯಲ್ಲಿರಲಿ

ಪೂರ್ವದ ದಡದಲ್ಲಿ ಎರ್ನಾಕುಳಂ ಇದೆ. ರೈಲ್ವೆ ಸ್ಟೇಷನ್, ಮೆಟ್ರೋ, ದೊಡ್ಡ ಅಂಗಡಿಗಳು ಎಲ್ಲ ಈ ಕಡೆ. ಪಶ್ಚಿಮದಲ್ಲಿ, ಕಡಲಿಗೆ ತಾಗಿಕೊಂಡು, ಫೋರ್ಟ್ ಕೊಚ್ಚಿ ಮತ್ತು ಮಟ್ಟಾಂಚೇರಿ. ಹಳೆಯ ಊರು ಅಂದರೆ ಇದೇ. ಇವೆರಡರ ನಡುವೆ ಹಿನ್ನೀರು. ಆ ನೀರಿನ ಮಧ್ಯೆ ವಿಲಿಂಗ್ಡನ್ ದ್ವೀಪ. ಉತ್ತರಕ್ಕೆ ಬೋಲ್ಗಾಟ್ಟಿ, ವಲ್ಲಾರ್ಪಾಡಂ, ಮತ್ತೆ ಉದ್ದಕ್ಕೆ ಚಾಚಿಕೊಂಡ ವೈಪ್ಪಿನ್ ದ್ವೀಪ. ಫೋರ್ಟ್ ಕೊಚ್ಚಿಗೂ ವೈಪ್ಪಿನ್‌ಗೂ ಮಧ್ಯೆ ಇರುವ ಕಿರಿದಾದ ಜಾಗವೇ ಬಂದರಿನ ಬಾಯಿ. ಹಡಗುಗಳೆಲ್ಲ ಅಲ್ಲಿಂದಲೇ ಒಳಗೆ ಬರಬೇಕು.

1341ರಲ್ಲಿ ಪೆರಿಯಾರ್ ನದಿಗೆ ಭಾರಿ ಪ್ರವಾಹ ಬಂದು, ಅದುವರೆಗೆ ದೊಡ್ಡ ಬಂದರಾಗಿದ್ದ ಮುಝಿರಿಸ್ ಹೂಳಿನಿಂದ ಮುಚ್ಚಿಹೋಯಿತು, ಈ ಬಾಯಿ ತೆರೆದುಕೊಂಡಿತು ಅನ್ನುತ್ತಾರೆ. ಮೆಣಸಿನ ವ್ಯಾಪಾರವೂ ಅದರ ಹಿಂದೆ ಇಲ್ಲಿಗೆ ಬಂತು.

ಎರ್ನಾಕುಳಂನಿಂದ ಫೋರ್ಟ್ ಕೊಚ್ಚಿಗೆ ರಸ್ತೆಯಲ್ಲಿ ಹೋದರೆ ದಕ್ಷಿಣಕ್ಕೆ ಸುತ್ತಿ, ತೇವರ, ತೋಪ್ಪುಂಪಡಿ ದಾಟಿ, ಸುಮಾರು 12 ಕಿ.ಮೀ. ಹೋಗಬೇಕು. ಬೋಟ್ ಆದರೆ ನೇರ ನೀರು ದಾಟುತ್ತದೆ, ಸುಮಾರು 20 ನಿಮಿಷ. ಈ ಒಂದು ಲೆಕ್ಕ ಗೊತ್ತಿದ್ದರೆ ಮುಂದಿನದೆಲ್ಲ ತಾನಾಗಿ ಅರ್ಥವಾಗುತ್ತದೆ.

ಯಾವಾಗ ಹೋಗಬೇಕು

ಸೆಪ್ಟೆಂಬರ್‌ನ ಕೈಲ್ ಪೊಳ್ದ್ ಹಬ್ಬ ಮುಗಿದ ಮೇಲೆ, ಕಾಫಿ ಕೊಯ್ಲು ಶುರುವಾಗುವ ಮೊದಲು. ತೋಟದಲ್ಲಿ ಆಗ ಸ್ವಲ್ಪ ಬಿಡುವು ಸಿಗುತ್ತದೆ, ಮಕ್ಕಳಿಗೆ ದಸರಾ ರಜೆ ಇರುತ್ತದೆ. ಅಕ್ಟೋಬರ್, ನವೆಂಬರ್‌ನಲ್ಲಿ ಕೊಚ್ಚಿಗೆ ಹಿಂಗಾರು ಮಳೆ ಬರುತ್ತದೆ. ಆದರೆ ಅದು ಹೆಚ್ಚಾಗಿ ಮಧ್ಯಾಹ್ನದ ಮೇಲೆ, ಗುಡುಗು ಸಿಡಿಲಿನ ಜೊತೆ. ಹಾಗಾಗಿ ಬೋಟ್ ಪ್ರಯಾಣವನ್ನು ಆದಷ್ಟು ಬೆಳಗ್ಗೆ ಇಟ್ಟುಕೊಳ್ಳಿ. ಜೂನ್‌ನಿಂದ ಆಗಸ್ಟ್‌ವರೆಗೆ ಬೇಡ. ಬಂದರಿನ ಬಾಯಲ್ಲಿ ಅಲೆ ಜಾಸ್ತಿ, ಅದಕ್ಕಿಂತ ಮುಖ್ಯವಾಗಿ ನಮ್ಮ ಘಟ್ಟದ ರಸ್ತೆಯನ್ನೇ ನಂಬುವ ಹಾಗಿಲ್ಲ. 2018ರ ಮಳೆಗಾಲದಲ್ಲಿ ವಿರಾಜಪೇಟೆಯಿಂದ ಕೇರಳಕ್ಕೆ ಇಳಿಯುವ ಮಾಕುಟ್ಟ ರಸ್ತೆ ಕುಸಿದು ಸಂಚಾರವೇ ನಿಂತಿದ್ದು ನೆನಪಿರಬಹುದು. ಏಪ್ರಿಲ್, ಮೇನಲ್ಲಿ ಹೋದರೆ ಸೆಕೆ ತಡೆಯಲಾಗದು. ಮಡಿಕೇರಿಯ ತಂಪಿಗೆ ಒಗ್ಗಿದ ಹಿರಿಯರನ್ನು ಆಗ ಕರೆದುಕೊಂಡು ಹೋಗಲೇಬೇಡಿ.

ಘಟ್ಟ ಇಳಿದು ರೈಲು ಹಿಡಿಯುವುದು

ಕೊಡಗಿಗೆ ರೈಲಿಲ್ಲ. ಆದರೆ ತಲಶ್ಶೇರಿ ಮತ್ತು ಕಣ್ಣೂರು ಸ್ಟೇಷನ್ ನಮಗೆ ಅಂದುಕೊಂಡಷ್ಟು ದೂರವಿಲ್ಲ. ವಿರಾಜಪೇಟೆಯಿಂದ ಪೆರುಂಬಾಡಿ, ಮಾಕುಟ್ಟ, ಕೂಟುಪುಳ, ಇರಿಟ್ಟಿ. ಅಲ್ಲಿಂದ ಮಟ್ಟನ್ನೂರು ಮೇಲೆ ಹೋಗಿ ಕಣ್ಣೂರಿಗೋ ತಲಶ್ಶೇರಿಗೋ ತಿರುಗಬಹುದು. ಎಲ್ಲಿಗೆ ಹೋದರೂ 80 ಕಿ.ಮೀ. ಆಸುಪಾಸು. ಘಟ್ಟದ ತಿರುವು ಇರುವುದರಿಂದ ಎರಡೂವರೆ, ಮೂರು ಗಂಟೆ ಇಟ್ಟುಕೊಳ್ಳಿ. ಬಸ್ಸೂ ಇದೆ. ಸ್ವಂತ ಕಾರಿದ್ದರೆ ಸ್ಟೇಷನ್ ಹತ್ತಿರ ಪಾರ್ಕಿಂಗ್ ನೋಡಿ ಅಲ್ಲೇ ಬಿಡಿ, ಕೊಚ್ಚಿಯವರೆಗೆ ತೆಗೆದುಕೊಂಡು ಹೋಗಬೇಡಿ. ಅಲ್ಲಿ ಕಾರಿನಿಂದ ಉಪಕಾರಕ್ಕಿಂತ ಕಾಟ ಜಾಸ್ತಿ.

ಕುಟ್ಟ, ಪೊನ್ನಂಪೇಟೆ ಕಡೆಯವರಿಗೆ ತೋಲ್ಪೆಟ್ಟಿ, ಮಾನಂದವಾಡಿ ಮೇಲೆ ಕೋಝಿಕ್ಕೋಡಿಗೆ ಇಳಿಯುವ ದಾರಿಯೂ ಇದೆ. ಸುಳ್ಯದ ಕಡೆ ಹತ್ತಿರವಾಗುವವರು ಸಂಪಾಜೆ ಘಟ್ಟ ಇಳಿದು ಮಂಗಳೂರಿನಲ್ಲೇ ರೈಲು ಹತ್ತಬಹುದು.

ಕಣ್ಣೂರಿನಿಂದ ಎರ್ನಾಕುಳಂಗೆ ಸಾಮಾನ್ಯ ಎಕ್ಸ್‌ಪ್ರೆಸ್ ಐದಾರು ಗಂಟೆ ತೆಗೆದುಕೊಳ್ಳುತ್ತದೆ. ಬೆಳಗ್ಗೆ ನಸುಕಿನಲ್ಲಿ ವಿರಾಜಪೇಟೆ ಬಿಟ್ಟವರಿಗೆ ಮಂಗಳೂರಿನಿಂದ ಬರುವ ಎರ್ನಾಡ್ ಎಕ್ಸ್‌ಪ್ರೆಸ್ ಸರಿಹೊಂದುತ್ತದೆ. ಮನೆಯಲ್ಲೇ ಊಟ ಮುಗಿಸಿ ಹೊರಡಬೇಕು ಅಂದರೆ ಸಮಯ ಸಾಲದು. ತಿಂಡಿ ತಿಂದು ಹೊರಟರೆ ಕಣ್ಣೂರಿನಿಂದ ಮಧ್ಯಾಹ್ನ ಹೊರಡುವ ಎರ್ನಾಕುಳಂ ಇಂಟರ್‌ಸಿಟಿ ಆರಾಮಾಗಿ ಸಿಗುತ್ತದೆ. ವಂದೇ ಭಾರತ್ ನಾಲ್ಕು ಗಂಟೆಯೊಳಗೆ ಮುಟ್ಟಿಸುತ್ತದೆ, ಆದರೆ ಅದು ತಲಶ್ಶೇರಿಯಲ್ಲಿ ನಿಲ್ಲುವುದಿಲ್ಲ, ಕಣ್ಣೂರಿಗೇ ಹೋಗಬೇಕು. ಸಂಜೆಯ ಮಾವೇಲಿ, ಮಲಬಾರ್ ರೈಲುಗಳ ಹೆಸರು ಯಾರಾದರೂ ಹೇಳಿದರೆ ಒಂದು ವಿಷಯ ನೆನಪಿಡಿ: ಅವು ಎರ್ನಾಕುಳಂ ಮುಟ್ಟುವುದು ಮಧ್ಯರಾತ್ರಿ ಕಳೆದ ಮೇಲೆ. ಮಕ್ಕಳನ್ನು ಎಬ್ಬಿಸಿಕೊಂಡು ಆ ಹೊತ್ತಿನಲ್ಲಿ ಲಾಡ್ಜ್ ಹುಡುಕುವುದು ಬೇಡ. ವೇಳಾಪಟ್ಟಿ ಬದಲಾಗುತ್ತಿರುತ್ತದೆ, ರೈಲ್ವೆ ಆ್ಯಪ್‌ನಲ್ಲಿ ನೋಡಿಯೇ ಟಿಕೆಟ್ ಮಾಡಿ.

ಟಿಕೆಟ್ ಮಾಡುವಾಗ ಎರ್ನಾಕುಳಂನಲ್ಲಿ ಎರಡು ಸ್ಟೇಷನ್ ಇವೆ ಅನ್ನುವುದನ್ನು ಗಮನಿಸಿ. ಜಂಕ್ಷನ್ ಅಂದರೆ ಸೌತ್. ಟೌನ್ ಅಂದರೆ ನಾರ್ತ್. ಕೆಲವು ರೈಲುಗಳು ಒಂದರಲ್ಲಿ ಮಾತ್ರ ನಿಲ್ಲುತ್ತವೆ.

ಸ್ಟೇಷನ್‌ನಿಂದ ಜೆಟ್ಟಿಗೆ

ಎರಡೂ ಸ್ಟೇಷನ್ ಪಕ್ಕದಲ್ಲೇ ಕೊಚ್ಚಿ ಮೆಟ್ರೋ ಇದೆ. ಜಂಕ್ಷನ್‌ನಲ್ಲಿ ಇಳಿದವರಿಗೆ ಎರ್ನಾಕುಳಂ ಸೌತ್ ಮೆಟ್ರೋ, ಟೌನ್‌ನಲ್ಲಿ ಇಳಿದವರಿಗೆ ಟೌನ್ ಹಾಲ್ ಮೆಟ್ರೋ. ಮಹಾರಾಜಾಸ್ ಕಾಲೇಜ್ ನಿಲ್ದಾಣದಲ್ಲಿ ಇಳಿದು ಸುಭಾಷ್ ಪಾರ್ಕ್ ಕಡೆಗೆ ನಡೆದರೆ ಮೇನ್ ಬೋಟ್ ಜೆಟ್ಟಿ. ಬ್ಯಾಟರಿ ಬೋಟ್‌ಗಳ ಹೊಸ ಸೇವೆಯಾದ ವಾಟರ್ ಮೆಟ್ರೋ ಬೇಕಾದವರು ಹೈಕೋರ್ಟ್ ಟರ್ಮಿನಲ್‌ಗೆ ಹೋಗಬೇಕು. ಅದಕ್ಕೆ ಎಂ.ಜಿ. ರೋಡ್ ನಿಲ್ದಾಣದಲ್ಲಿ ಇಳಿದು ಆಟೋ ಹಿಡಿಯಿರಿ. ಸಾಮಾನು ಜಾಸ್ತಿ ಇದ್ದರೆ ಮೆಟ್ರೋ ಗೊಡವೆಯೇ ಬೇಡ, ಸ್ಟೇಷನ್‌ನಿಂದ ಸೀದಾ ಆಟೋ. ಎರಡೂ ಜೆಟ್ಟಿ ಹತ್ತಿರವೇ.

ಆಟೋದವರಿಗೆ ಬರೀ 'ಜೆಟ್ಟಿ' ಅನ್ನಬೇಡಿ. 'ಮೇನ್ ಬೋಟ್ ಜೆಟ್ಟಿ' ಅಥವಾ 'ಹೈಕೋರ್ಟ್ ವಾಟರ್ ಮೆಟ್ರೋ' ಅಂತ ಬಿಡಿಸಿ ಹೇಳಿ. ಎರಡೂ ಬೇರೆ ಬೇರೆ ಜಾಗ.

ಸರ್ಕಾರಿ ಬೋಟ್: ನನಗೆ ಇಷ್ಟವಾದದ್ದು ಇದೇ

ಕೇರಳದ ಜಲ ಸಾರಿಗೆ ಇಲಾಖೆ ಶುರುವಾದದ್ದು 1968ರಲ್ಲಿ. ನಮ್ಮಲ್ಲಿ ಸರ್ಕಾರಿ ಬಸ್ಸು ಓಡುವ ಹಾಗೆ ಅಲ್ಲಿ ಸರ್ಕಾರಿ ಬೋಟ್ ಓಡುತ್ತದೆ. ಕೆಲಸಕ್ಕೆ ಹೋಗುವವರು, ಕಾಲೇಜು ಮಕ್ಕಳು, ಮಾರ್ಕೆಟ್ ಚೀಲ ಹಿಡಿದ ಹೆಂಗಸರು ಎಲ್ಲ ಇದರಲ್ಲೇ ಓಡಾಡುತ್ತಾರೆ. ಫೋರ್ಟ್ ಕೊಚ್ಚಿಗೆ ಟಿಕೆಟ್ ಒಂದು ಕಪ್ ಚಹಾದ ದುಡ್ಡಿಗಿಂತ ಜಾಸ್ತಿ ಏನಿಲ್ಲ. ಚಿಲ್ಲರೆ ಕೈಯಲ್ಲಿಟ್ಟುಕೊಳ್ಳಿ, ಕೌಂಟರ್‌ನಲ್ಲಿ ದೊಡ್ಡ ನೋಟು ಕೊಟ್ಟರೆ ಹಿಂದಿರುವವರಿಗೆಲ್ಲ ತಡವಾಗುತ್ತದೆ.

ಹತ್ತುವ ಕ್ರಮ ಹೀಗೆ. ಕೌಂಟರ್‌ನಲ್ಲಿ ಟಿಕೆಟ್ ತೆಗೆದುಕೊಂಡು ಒಳಗೆ ಹೋದರೆ ಬೋಟ್‌ಗಳು ಸಾಲಾಗಿ ನಿಂತಿರುತ್ತವೆ. ಒಂದೇ ಜೆಟ್ಟಿಯಿಂದ ಬೇರೆ ಬೇರೆ ಕಡೆಗೆ ಹೊರಡುವುದರಿಂದ ಬೋರ್ಡ್ ನೋಡಿ, ಜೊತೆಗೆ ಒಬ್ಬರನ್ನು ಕೇಳಿಯೂ ಬಿಡಿ. 'ಚೇಟ್ಟಾ, ಇದು ಫೋರ್ಟ್ ಕೊಚ್ಚಿಕ್ಕ್ ಪೋಕುಮೋ?' ಅಂದರೆ ಸಾಕು. ಹೆಂಗಸರನ್ನು ಕೇಳುವುದಾದರೆ 'ಚೇಚಿ'. ಬರುವ ಬೋಟ್ ಜೆಟ್ಟಿಗೆ ತಾಗುವಾಗ ಸಿಬ್ಬಂದಿ ಹಗ್ಗವನ್ನು ಕಂಬಕ್ಕೆ ಸುತ್ತಿ ಎಳೆದು ಹಿಡಿಯುತ್ತಾರೆ. ಆದರೂ ಬೋಟ್ ಪೂರ್ತಿ ನಿಂತಿರುವುದಿಲ್ಲ, ಅಲುಗಾಡುತ್ತಲೇ ಇರುತ್ತದೆ. ಬೋಟ್‌ಗೂ ಕಟ್ಟೆಗೂ ಮಧ್ಯೆ ಒಂದು ಸಂದು ಇರುತ್ತದೆ. ಇಳಿಯುವವರು ಇಳಿಯಲಿ, ಆಮೇಲೆ ಬೋಟ್ ನಿಮ್ಮ ಕಡೆ ವಾಲಿದಾಗ ಒಂದೇ ಹೆಜ್ಜೆಗೆ ಒಳಗೆ ಕಾಲಿಡಿ. ಒಂದು ಕಾಲು ಕಟ್ಟೆಯ ಮೇಲೆ, ಒಂದು ಕಾಲು ಬೋಟ್‌ನಲ್ಲಿ ಇಟ್ಟು ಯೋಚಿಸುತ್ತಾ ನಿಲ್ಲಬೇಡಿ. ಸಿಬ್ಬಂದಿ ಕೈ ಚಾಚಿದರೆ ಸಂಕೋಚಪಡದೆ ಹಿಡಿಯಿರಿ.

ಕೂರಲು ಬದಿಯ ಸೀಟ್ ಒಳ್ಳೆಯದು, ಗಾಳಿ ಬರುತ್ತದೆ. ಬೋಟ್ ನಡೆಸುವವರನ್ನು ಅಲ್ಲಿ ಸ್ರಾಂಕ್ ಅನ್ನುತ್ತಾರೆ. ಇಂಜಿನ್ ನೋಡಿಕೊಳ್ಳುವವರು ಬೇರೆ. ಇವರಿಬ್ಬರ ಮಾತುಕತೆಯೆಲ್ಲ ಗಂಟೆಯಲ್ಲೇ. ಮುಂದಿನಿಂದ ಗಂಟೆ ಹೊಡೆದರೆ ಇಂಜಿನ್ ಸದ್ದು ಬದಲಾಗುತ್ತದೆ. ಮಕ್ಕಳಿಗೆ ಇದನ್ನು ತೋರಿಸಿ, ತುಂಬಾ ಇಷ್ಟಪಡುತ್ತಾರೆ. ನೀರಿನ ಮೇಲೆ ಹಸಿರು ಗುಡ್ಡೆ ತೇಲಿಬಂದರೆ ಅದು ಅಂತರಗಂಗೆ. ಮಳೆಗಾಲದ ಕೊನೆಯಲ್ಲಿ ಹೊಳೆಗಳಿಂದ ಬಂದು ಸೇರುತ್ತದೆ. ಬಂದರಿನ ಬಾಯಿ ಹತ್ತಿರವಾದಂತೆ ನೀರನ್ನೇ ನೋಡುತ್ತಿರಿ, ಅದೃಷ್ಟ ಇದ್ದರೆ ಡಾಲ್ಫಿನ್ ಬೆನ್ನು ಕಾಣಿಸುತ್ತದೆ.

ದಾರಿಯಲ್ಲಿ ಸಿಗುವ ವಿಲಿಂಗ್ಡನ್ ದ್ವೀಪ ಹುಟ್ಟಿದ ರೀತಿ ಸೋಜಿಗದ್ದು. ಬಂದರು ಆಳ ಮಾಡಲು ತೆಗೆದ ಮಣ್ಣನ್ನು ಸುರಿದು ಆದ ನೆಲ ಅದು. ರಾಬರ್ಟ್ ಬ್ರಿಸ್ಟೋ ಅನ್ನುವ ಇಂಜಿನಿಯರ್‌ನ ಕೆಲಸ. ನೌಕಾಪಡೆಯ ದಕ್ಷಿಣ ಕಮಾಂಡ್ ಇರುವುದು ಇದೇ ಊರಿನಲ್ಲಿ. ಹತ್ತಿರದ ಕೊಚ್ಚಿನ್ ಶಿಪ್‌ಯಾರ್ಡ್‌ನಲ್ಲಿ ಕಟ್ಟಿದ ವಿಮಾನವಾಹಕ ಯುದ್ಧನೌಕೆ ಐಎನ್‌ಎಸ್ ವಿಕ್ರಾಂತ್ 2022ರ ಸೆಪ್ಟೆಂಬರ್‌ನಲ್ಲಿ ನೌಕಾಪಡೆಗೆ ಸೇರಿತು. ಮನೆಗೊಬ್ಬರು ಸೈನ್ಯದಲ್ಲಿ ಇರುವ ನಮ್ಮ ಜಿಲ್ಲೆಯವರಿಗೆ ಈ ಜಾಗ ನೋಡುವಾಗ ಆಗುವ ಹೆಮ್ಮೆಯೇ ಬೇರೆ. ನೌಕಾಪಡೆಯ ಜಾಗಗಳ ಫೋಟೋ ಮಾತ್ರ ತೆಗೆಯಬೇಡಿ.

ವಾಟರ್ ಮೆಟ್ರೋ

2023ರ ಏಪ್ರಿಲ್‌ನಲ್ಲಿ ಶುರುವಾದ ವ್ಯವಸ್ಥೆ ಇದು. ಬೋಟ್‌ಗಳು ಬ್ಯಾಟರಿಯಲ್ಲಿ ಓಡುತ್ತವೆ, ಒಳಗೆ ಎ.ಸಿ. ಇದೆ, ದೊಡ್ಡ ಗಾಜಿನ ಕಿಟಕಿಗಳಿವೆ. ದೊಡ್ಡ ಬೋಟ್‌ನಲ್ಲಿ ನೂರು ಜನಕ್ಕೆ ಜಾಗ. ಇವನ್ನೂ ಕಟ್ಟಿದ್ದು ಕೊಚ್ಚಿನ್ ಶಿಪ್‌ಯಾರ್ಡೇ. ಪೂರ್ತಿಯಾದಾಗ 38 ಟರ್ಮಿನಲ್, 78 ಬೋಟ್ ಅನ್ನುವುದು ಯೋಜನೆ. ಹೈಕೋರ್ಟ್‌ನಿಂದ ವೈಪ್ಪಿನ್, ವೈಟ್ಟಿಲದಿಂದ ಕಾಕ್ಕನಾಡ್ ಮೊದಲು ಬಂದ ಮಾರ್ಗಗಳು. ಫೋರ್ಟ್ ಕೊಚ್ಚಿಗೆ 2024ರ ಏಪ್ರಿಲ್‌ನಲ್ಲಿ, ಮಟ್ಟಾಂಚೇರಿಗೆ ಮತ್ತು ವಿಲಿಂಗ್ಡನ್ ದ್ವೀಪಕ್ಕೆ 2025ರ ಅಕ್ಟೋಬರ್‌ನಲ್ಲಿ ಬಂತು. ಶುರುವಿನಲ್ಲಿ ಇಟ್ಟ ದರ ವೈಪ್ಪಿನ್‌ಗೆ 20 ರೂಪಾಯಿ, ಫೋರ್ಟ್ ಕೊಚ್ಚಿಗೆ 40 ರೂಪಾಯಿ.

ಹಿರಿಯರಿದ್ದರೆ ಇದನ್ನೇ ಆರಿಸಿ. ಹತ್ತುವ ಕಟ್ಟೆ ನೀರಿನ ಮೇಲೆ ತೇಲುತ್ತಿರುತ್ತದೆ. ಉಬ್ಬರ ಇಳಿತಕ್ಕೆ ತಕ್ಕ ಹಾಗೆ ಬೋಟ್ ಜೊತೆಗೇ ಮೇಲೆ ಕೆಳಗೆ ಆಗುವುದರಿಂದ ಮೆಟ್ಟಿಲಿಲ್ಲ, ಸಂದಿಲ್ಲ. ಮಂಡಿ ನೋವಿನವರೂ, ವೀಲ್‌ಚೇರ್‌ನವರೂ ಸೀದಾ ಒಳಗೆ ಹೋಗಬಹುದು. ಟಿಕೆಟ್‌ನ ಕ್ಯೂಆರ್ ಕೋಡನ್ನು ಗೇಟಿಗೆ ತೋರಿಸಿದರೆ ಬಾಗಿಲು ತೆರೆಯುತ್ತದೆ. ಎಷ್ಟು ಜನ ಒಳಗೆ ಹೋದರು ಅನ್ನುವ ಲೆಕ್ಕ ಅಲ್ಲೇ ಇರುತ್ತದೆ, ಬೋಟ್ ತುಂಬಿದರೆ ಮುಂದಿನದಕ್ಕೆ ಕಾಯಬೇಕು. ಆ ಚೀಟಿಯನ್ನು ಎಸೆಯಬೇಡಿ, ಇಳಿದ ಮೇಲೆ ಹೊರಗೆ ಬರಲೂ ಅದೇ ಬೇಕು.

ಒಂದೇ ಕೊರತೆ ಎಂದರೆ ಗಾಜು ಮುಚ್ಚಿರುವುದರಿಂದ ನೀರಿನ ವಾಸನೆ, ಗಾಳಿ ಸಿಗುವುದಿಲ್ಲ. ಅದಕ್ಕೇ ನಾನು ಹೇಳುವುದು, ಒಂದು ಕಡೆಗೆ ಇದರಲ್ಲಿ ಹೋಗಿ, ಇನ್ನೊಂದು ಕಡೆಗೆ ಸರ್ಕಾರಿ ಬೋಟ್‌ನಲ್ಲಿ ಬನ್ನಿ.

ರೋ-ರೋ

ಫೋರ್ಟ್ ಕೊಚ್ಚಿ ಮತ್ತು ವೈಪ್ಪಿನ್ ಮಧ್ಯೆ ಕಾರು, ಬೈಕು, ಲಾರಿ ಸಮೇತ ದಾಟಿಸುವ ಅಗಲವಾದ ಬೋಟ್‌ಗಳಿವೆ. ಸೇತುಸಾಗರ್ ಅಂತ ಹೆಸರು, 2018ರಲ್ಲಿ ಬಂದದ್ದು. ವಾಹನ ಇಲ್ಲದವರೂ ಹತ್ತಬಹುದು, ಕೆಲವೇ ನಿಮಿಷದ ದಾರಿ. ವಾಹನಗಳು ಹತ್ತಿ ಇಳಿಯುವಾಗ ಮಕ್ಕಳ ಕೈ ಬಿಡಬೇಡಿ. ಬಂದರಿಗೆ ಬರುವ ದೊಡ್ಡ ಹಡಗುಗಳನ್ನು ಇಷ್ಟು ಹತ್ತಿರದಿಂದ ಇನ್ನೆಲ್ಲೂ ನೋಡಲಾಗದು.

ಒಂದು ದಿನವನ್ನು ಹೀಗೆ ಜೋಡಿಸಿ

ಬೆಳಗ್ಗೆ ಬೇಗ ಹೈಕೋರ್ಟ್‌ನಿಂದ ವಾಟರ್ ಮೆಟ್ರೋದಲ್ಲಿ ಮಟ್ಟಾಂಚೇರಿಗೆ. ಇಳಿದರೆ ಅರಮನೆ ಹತ್ತಿರವೇ. ಜನ ಡಚ್ ಅರಮನೆ ಅನ್ನುತ್ತಾರೆ, ಆದರೆ ಮೊದಲು ಕಟ್ಟಿದ್ದು ಪೋರ್ಚುಗೀಸರು, 1555ರ ಹೊತ್ತಿಗೆ. ಆಮೇಲೆ ಡಚ್ಚರು ದುರಸ್ತಿ ಮಾಡಿದರು. ಗೋಡೆಯ ಮೇಲಿನ ರಾಮಾಯಣದ ಚಿತ್ರಗಳನ್ನು ನಿಧಾನವಾಗಿ ನೋಡಿ. ಶುಕ್ರವಾರ ಮುಚ್ಚಿರುತ್ತದೆ. ಪಕ್ಕದ ಬೀದಿಯ ಕೊನೆಯಲ್ಲಿ 1568ರ ಪರದೇಶಿ ಸಿನಗಾಗ್ ಇದೆ, ಅಂದರೆ ಯಹೂದಿಗಳ ಪ್ರಾರ್ಥನಾ ಮಂದಿರ. ನೆಲಕ್ಕೆ ಹಾಸಿರುವ ನೀಲಿ ಬಿಳಿ ಹಂಚುಗಳು ಚೀನಾದಿಂದ ಬಂದವು, ಎಲ್ಲ ಕೈಯಲ್ಲೇ ಚಿತ್ರ ಬರೆದವು. ಅದು ಶನಿವಾರ ತೆರೆಯುವುದಿಲ್ಲ. ಹಾಗಾಗಿ ಶುಕ್ರವಾರ, ಶನಿವಾರ ಎರಡನ್ನೂ ಬಿಟ್ಟು ಬೇರೆ ದಿನ ಮಟ್ಟಾಂಚೇರಿ ಇಟ್ಟುಕೊಳ್ಳಿ.

ಈ ಬೀದಿಯೇ ನಮ್ಮವರು ನೋಡಬೇಕಾದ ಬೀದಿ. ಹಳೆಯ ಗೋದಾಮುಗಳು, ದಪ್ಪ ಮರದ ಬಾಗಿಲುಗಳು, ಒಳಗಿಂದ ಬರುವ ಒಣಶುಂಠಿ, ಏಲಕ್ಕಿ, ಮೆಣಸಿನ ಘಾಟು. ಮೆಣಸು ವ್ಯಾಪಾರಿಗಳ ಸಂಘದ ಕಟ್ಟಡವೂ ಇಲ್ಲೇ ಇದೆ. 1997ರಲ್ಲಿ ಮೆಣಸಿನ ಅಂತರರಾಷ್ಟ್ರೀಯ ವಾಯಿದಾ ವ್ಯಾಪಾರ, ಅಂದರೆ ಮುಂದೆ ಕೊಡುವ ಸರಕಿಗೆ ಈಗಲೇ ಬೆಲೆ ಗೊತ್ತು ಮಾಡುವ ವ್ಯಾಪಾರ, ಶುರುವಾದದ್ದು ಇಲ್ಲಿಂದ. ನಾವು ಪತ್ರಿಕೆಯಲ್ಲಿ ಓದುವ 'ಗಾರ್ಬಲ್ಡ್', 'ಅನ್‌ಗಾರ್ಬಲ್ಡ್' ರೇಟಿನ ಹಿಂದಿರುವುದು ಇದೇ ಮಾರುಕಟ್ಟೆ. ಗಾರ್ಬಲ್ಡ್ ಅಂದರೆ ಕಸ, ಕಡ್ಡಿ, ಜೊಳ್ಳು ತೆಗೆದು ಶುದ್ಧ ಮಾಡಿದ ಮೆಣಸು. ಅಂಗಡಿಯಲ್ಲಿ ಒಂದು ಹಿಡಿ ಕೈಗೆ ತೆಗೆದುಕೊಂಡು ಕಾಳಿನ ಗಾತ್ರ, ತೂಕ ನೋಡಿ, ಬೆಲೆ ಕೇಳಿ. 'ನಾವು ಕೊಡಗಿನವರು, ಮೆಣಸು ಬೆಳೆಯುತ್ತೇವೆ' ಅಂತ ಹೇಳಿದರೆ ಮಾತು ಬೆಳೆಯುತ್ತದೆ. ಸಿಲ್ವರ್ ಓಕ್ ಮರಕ್ಕೆ ಹಬ್ಬಿದ ಬಳ್ಳಿಯ ಫೋಟೋ ಮೊಬೈಲ್‌ನಲ್ಲಿ ಇಟ್ಟುಕೊಂಡಿರಿ, ತೋರಿಸಲು ಆಗುತ್ತದೆ. ಇಲ್ಲಿಗೆ ಒಂದೂವರೆ ಗಂಟೆಯಾದರೂ ಕೊಡಿ.

ಮಧ್ಯಾಹ್ನದ ಊಟ ಮುಗಿಸಿ ಆಟೋದಲ್ಲಿ ಫೋರ್ಟ್ ಕೊಚ್ಚಿಗೆ ಹೋಗಿ. ಸಂತ ಫ್ರಾನ್ಸಿಸ್ ಚರ್ಚ್ ನೋಡಿ. ವಾಸ್ಕೋ ಡ ಗಾಮ 1524ರಲ್ಲಿ ಸತ್ತಾಗ ಹೂತದ್ದು ಇಲ್ಲಿ, ಆಮೇಲೆ ಅಸ್ಥಿಯನ್ನು ಪೋರ್ಚುಗಲ್‌ಗೆ ಒಯ್ದರು. ಬಿಸಿಲು ಇಳಿದ ಮೇಲೆ ಚೀನಾ ಬಲೆಗಳ ಹತ್ತಿರ ನಿಲ್ಲಿ. ಉದ್ದನೆಯ ಮರದ ತೋಳು, ಅದರ ತುದಿಗೆ ಬಲೆ. ಇನ್ನೊಂದು ತುದಿಯಲ್ಲಿ ಹಗ್ಗಕ್ಕೆ ಕಟ್ಟಿದ ದಪ್ಪ ಕಲ್ಲುಗಳ ಸಾಲು. ನಾಲ್ಕೈದು ಜನ ಹಗ್ಗ ಎಳೆದಾಗ ಕಲ್ಲುಗಳು ಒಂದೊಂದಾಗಿ ಕೆಳಗೆ ಬಂದು ಕೂರುತ್ತವೆ, ಬಲೆ ನೀರಿನಿಂದ ಮೇಲೇಳುತ್ತದೆ. ಆ ಕಲ್ಲುಗಳ ಭಾರ ಇಲ್ಲದಿದ್ದರೆ ಅಷ್ಟು ದೊಡ್ಡ ಬಲೆ ಎತ್ತಲು ಆಗುತ್ತಿರಲಿಲ್ಲ.

ಭಾನುವಾರ ಮತ್ತು ರಜಾ ದಿನಗಳ ಸಂಜೆ ಫೋರ್ಟ್ ಕೊಚ್ಚಿಯ ವಾಟರ್ ಮೆಟ್ರೋಗೆ ಉದ್ದನೆಯ ಕ್ಯೂ ಇರುತ್ತದೆ. ಅದರಲ್ಲಿ ನಿಲ್ಲಬೇಡಿ. ಬದಲಿಗೆ ರೋ-ರೋ ಹತ್ತಿ ವೈಪ್ಪಿನ್‌ಗೆ ದಾಟಿ, ಅಲ್ಲಿಂದ ವಾಟರ್ ಮೆಟ್ರೋದಲ್ಲಿ ಹೈಕೋರ್ಟ್‌ಗೆ ಬನ್ನಿ. ಎರಡು ಬೋಟ್ ಆದರೂ ಕ್ಯೂಗಿಂತ ಬೇಗ ಮುಟ್ಟುತ್ತೀರಿ. ಅಥವಾ ಕಸ್ಟಮ್ಸ್ ಜೆಟ್ಟಿಯಿಂದ ಸರ್ಕಾರಿ ಬೋಟ್ ಹಿಡಿದು ಮೇನ್ ಜೆಟ್ಟಿಗೆ ಹೋಗಿ. ಕೊನೆಯ ಬೋಟ್ ಎಷ್ಟು ಗಂಟೆಗೆ ಅಂತ ಬೆಳಗ್ಗೆಯೇ ಕೌಂಟರ್‌ನಲ್ಲಿ ಕೇಳಿಟ್ಟುಕೊಳ್ಳಿ.

ಉಳಿದುಕೊಳ್ಳಲು ಫೋರ್ಟ್ ಕೊಚ್ಚಿಯ ಹೋಂಸ್ಟೇಗಳು ಚೆನ್ನಾಗಿವೆ. ಇನ್ನೊಂದು ದಿನ ಇದ್ದರೆ ವೈಪ್ಪಿನ್‌ನಿಂದ ಬಸ್ಸಿನಲ್ಲಿ ಚೆರಾಯಿ ಬೀಚ್‌ಗೆ ಹೋಗಿ ಬನ್ನಿ.

ಸುರಕ್ಷತೆಯಲ್ಲಿ ರಾಜಿ ಬೇಡ

ಮರೀನ್ ಡ್ರೈವ್‌ನಲ್ಲಿ ನಡೆಯುವಾಗ 'ಬೋಟಿಂಗ್, ಬೋಟಿಂಗ್' ಅಂತ ಕರೆಯುವ ಖಾಸಗಿಯವರು ಸಿಗುತ್ತಾರೆ. ಹತ್ತುವುದಾದರೆ ಮೊದಲು ಮೂರು ವಿಷಯ ನೋಡಿ: ಎಷ್ಟು ಜನಕ್ಕೆ ಅನುಮತಿ ಅಂತ ಬರೆದಿದೆಯೇ, ಅಷ್ಟೇ ಜನರನ್ನು ಹತ್ತಿಸುತ್ತಾರೆಯೇ, ಎಲ್ಲರಿಗೂ ಲೈಫ್ ಜಾಕೆಟ್ ಇದೆಯೇ. 2023ರ ಮೇ 7ರಂದು ಮಲಪ್ಪುರಂ ಜಿಲ್ಲೆಯ ತಾನೂರಿನಲ್ಲಿ ಪ್ರವಾಸಿಗರ ಬೋಟ್ ಮಗುಚಿ 22 ಜನ ಸತ್ತರು. ಅವರಲ್ಲಿ ಮಕ್ಕಳು ಜಾಸ್ತಿ. ಹಿಡಿಸುವುದಕ್ಕಿಂತ ಹೆಚ್ಚು ಜನರನ್ನು ಅದರಲ್ಲಿ ತುಂಬಿದ್ದರು. ತುಂಬಿದ ಬೋಟ್ ಬಿಟ್ಟು ಮುಂದಿನದಕ್ಕೆ ಕಾಯುವುದರಿಂದ ಏನೂ ಕಳೆದುಕೊಳ್ಳುವುದಿಲ್ಲ. ಕತ್ತಲಾದ ಮೇಲೆ ಖಾಸಗಿ ಬೋಟ್ ಬೇಡವೇ ಬೇಡ. ದುಬಾರೆಯಲ್ಲಿ ಕಾವೇರಿ ದಾಟಿದ ಅಭ್ಯಾಸ ಇದೆ ಅಂತ ಧೈರ್ಯ ಮಾಡಬೇಡಿ. ಇಲ್ಲಿ ಹಡಗು ಓಡಾಡುವಷ್ಟು ಆಳವಿದೆ, ಸೆಳೆತವೂ ಇದೆ.

ವಾಂತಿ ಬರುವವರು ಬೋಟ್‌ನ ಮಧ್ಯಭಾಗದಲ್ಲಿ ಕುಳಿತು ದೂರದ ದಡವನ್ನು ನೋಡುತ್ತಿರಲಿ. ನಿಜ ಹೇಳಬೇಕೆಂದರೆ ಹಿನ್ನೀರಿನಲ್ಲಿ ಅಲುಗಾಟ ಕಡಿಮೆ, ಮಾಕುಟ್ಟದ ತಿರುವುಗಳೇ ಹೊಟ್ಟೆಗೆ ಜಾಸ್ತಿ ಕಷ್ಟ. ಘಟ್ಟ ಇಳಿಯುವ ಮೊದಲು ಹೊಟ್ಟೆ ತುಂಬಾ ತಿನ್ನಿಸಬೇಡಿ.

ವಾಪಸ್ ಬರುವಾಗ

ಎರ್ನಾಕುಳಂ ಜಂಕ್ಷನ್‌ನಿಂದ ಬೆಳಗ್ಗೆ ಬೇಗ ಹೊರಡುವ ಕಣ್ಣೂರು ಇಂಟರ್‌ಸಿಟಿಯಲ್ಲಿ ಬನ್ನಿ. ಹಿಂದಿನ ರಾತ್ರಿ ಫೋರ್ಟ್ ಕೊಚ್ಚಿಯಲ್ಲಿ ಉಳಿದರೆ ಆ ಹೊತ್ತಿಗೆ ಬೋಟ್ ಸಿಗುವುದು ಕಷ್ಟ. ಕೊನೆಯ ರಾತ್ರಿ ಎರ್ನಾಕುಳಂ ಸ್ಟೇಷನ್ ಹತ್ತಿರವೇ ಕೋಣೆ ಮಾಡಿ. ಈ ರೈಲು ಮಧ್ಯಾಹ್ನದ ಹೊತ್ತಿಗೆ ಕಣ್ಣೂರು ಮುಟ್ಟಿಸುತ್ತದೆ. ಅಲ್ಲಿ ಊಟ ಮಾಡಿ ಹೊರಟರೆ ಬೆಳಕಿರುವಾಗಲೇ ಮಾಕುಟ್ಟ ಕಾಡು ದಾಟಬಹುದು. ಕತ್ತಲಾದ ಮೇಲೆ ಆ ರಸ್ತೆಗೆ ಆನೆ ಬರುತ್ತದೆ. ಇರಿಟ್ಟಿಗೆ ಬರುವಷ್ಟರಲ್ಲಿ ಸಂಜೆ ಆರಾಗಿದ್ದರೆ ಅಲ್ಲೇ ಉಳಿದು, ಬೆಳಗ್ಗೆ ಘಟ್ಟ ಹತ್ತಿ.